ಮೋತ್ಯಾನ ಹುಣ್ಣು, ಓಣಿಯ ಮೂವತ್ತೊಂದು ಸಹಿ

ನೇಸರಗಿಯ ನಾಲಬಂದ ಪೀರಸಾಬ ನನ್ನ ಮೇಲೆ ಸಿಟ್ಟಾದದ್ದು ಒಂದೇ ಸಲ, ಅದೂ ನ್ಯಾಯವಾಗಿ. ಅವನಿಗಿಂತ ಹೆಚ್ಚಿನ ಸಿಟ್ಟು ಈಗ ನನಗೆ ನನ್ನ ಮೇಲೆಯೇ ಇದೆ. ಅಷ್ಟನ್ನೂ ಒಬ್ಬನೇ ಹೊರುವುದು ಭಾರವಾದ್ದರಿಂದ ನಮ್ಮ ಓಣಿಯವರಿಗೂ ಪಾಲು ಕೊಡುತ್ತೇನೆ.

ಎತ್ತಿನ ಗೊರಸಿಗೆ ನಾಲು, ಅಂದರೆ ಕಬ್ಬಿಣದ ಲಾಳ, ಬಡಿಯುವುದು ಪೀರಸಾಬನ ಕಸುಬು. ಅವನ ಅಪ್ಪ ತೊರಗಲ್ಲಿನಿಂದ ಬಂದು ನಮ್ಮ ಓಣಿಯ ತುದಿಯ ಬೇವಿನ ಮರದ ಕೆಳಗೆ ಕುಳಿತ. ಅಪ್ಪನ ನಂತರ ಮಗ ಅಲ್ಲೇ ಮೂವತ್ತು ವರ್ಷ. ಎಂಥ ಪೊಗರಿನ ಎತ್ತನ್ನಾದರೂ ಹಗ್ಗ ಹಾಕಿ ಮೂರು ಎಣಿಸುವುದರೊಳಗೆ ಉರುಳಿಸುತ್ತಿದ್ದ. ಕಾಲು ಕಟ್ಟಿ, ಗೊರಸು ಕೆತ್ತಿ, ತುಟಿಯಲ್ಲಿ ಹಿಡಿದ ಮೊಳೆಗಳನ್ನು ಒಂದೊಂದಾಗಿ ತೆಗೆದು ಬಡಿಯುತ್ತಿದ್ದ. ತುಟಿಯಲ್ಲಿ ಸದಾ ಮೊಳೆ ಇದ್ದುದಕ್ಕೋ ಏನೋ, ಮಾತು ಕಡಿಮೆ. ಎತ್ತು ಎದ್ದು ಹೊರಟರೆ ಅದರ ಹಿಂದೆ ಇಪ್ಪತ್ತು ಹೆಜ್ಜೆ ಹೋಗಿ, ಕುಂಟುತ್ತದೆಯೇನು ಎಂದು ನೋಡಿ ಬರುತ್ತಿದ್ದ. ನಾನು ಅದೇ ಊರಿನ ಸಾಲಿ ಮಾಸ್ತರ. ಅಷ್ಟು ಕಾಳಜಿಯಿಂದ ನನ್ನ ವಿದ್ಯಾರ್ಥಿಗಳ ಹಿಂದೆ ನಾನು ಹೋದದ್ದಿಲ್ಲ.

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅಂದು ಎತ್ತಿನ ಕೊರಳಿಗೆ ನೊಗ ಹಾಕುವುದಿಲ್ಲ. ಬಿಡುವಾದ ಎತ್ತುಗಳೆಲ್ಲ ಪೀರಸಾಬನ ಹತ್ತಿರ ಬರುತ್ತಿದ್ದವು. ಸಂಜೆಗೆ ಮರದ ಬುಡದಲ್ಲಿ ಗೊರಸಿನ ಚೂರು ಬುಟ್ಟಿಗಟ್ಟಲೆ. ಓಣಿಯ ನಾಯಿಗಳು ಅದನ್ನು ಕಡಿಯುತ್ತ ಕೂರುತ್ತಿದ್ದವು, ನಮ್ಮ ಮೋತ್ಯಾ ಕೂಡ.

1998ರ ಹತ್ತಿಯ ಹಂಗಾಮು. ಮೋತ್ಯಾನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅದರ ಮೈಗೆ ಹುಣ್ಣು ಏಳತೊಡಗಿದವು. ಮಂಗಳವಾರ ಏಳುತ್ತಿದ್ದವು, ಮೋತ್ಯಾ ಕೆರೆದು ಕೆರೆದು ರಕ್ತ ಮಾಡಿಕೊಳ್ಳುತ್ತಿತ್ತು. ಶನಿವಾರಕ್ಕೆ ಒಣಗುತ್ತಿದ್ದವು. ಮತ್ತೆ ಮಂಗಳವಾರ ಹಾಜರು. ನನ್ನ ಹೆಂಡತಿ ಅನ್ನಪೂರ್ಣಾ ಬೇವು, ಅರಿಶಿನ ಅರೆದು ಹಚ್ಚಿದಳು. ನಾನು ಟ್ರ್ಯಾಕ್ಟರಿನ ಸುಟ್ಟ ಆಯಿಲ್ ತಂದು ಬೆನ್ನ ತುಂಬ ಬಳಿದೆ. ಮೋತ್ಯಾ ಹೋಗಿ ಒಗೆದಿಟ್ಟ ಹಾಸಿಗೆಗೆ ಮೈ ತಿಕ್ಕಿತು. ಹುಣ್ಣು ಹೋಗಲಿಲ್ಲ, ಹಾಸಿಗೆ ಹೋಯಿತು.

ಆಗ ನನ್ನ ಬುದ್ಧಿ ಓಡಿತು. ರವಿವಾರ ನಾಯಿ ಚೆನ್ನಾಗಿರುತ್ತದೆ. ಸೋಮವಾರ ಪೀರಸಾಬನ ಹತ್ತಿರ ಗೊರಸು ತಿನ್ನುತ್ತದೆ. ಮಂಗಳವಾರ ಹುಣ್ಣು. ಗಣಿತದ ಲೆಕ್ಕದಂತೆ ಇದನ್ನು ಓಣಿಗೆ ಬಿಡಿಸಿ ತೋರಿಸಿದೆ. ಪಂಚಾಯತಿ ಮೆಂಬರ ನಿಜಗುಣಪ್ಪ, ಇವತ್ತು ನಾಯಿಗೆ ಬಂದದ್ದು ನಾಳೆ ಹುಡುಗರಿಗೆ ಬರುತ್ತದೆ ಎಂದ. ಅಷ್ಟು ಸಾಕಾಯಿತು. ಪೀರಸಾಬನನ್ನು ಮರದ ಕೆಳಗಿಂದ ಎಬ್ಬಿಸಬೇಕೆಂದು ಅರ್ಜಿ ಬರೆದೆ. ಒಂದೇ ಸಂಜೆ ಮೂವತ್ತೊಂದು ಸಹಿ ಬಿದ್ದವು. ಅಷ್ಟು ಜನರಲ್ಲಿ ಒಬ್ಬರಾದರೂ ಬಗ್ಗಿ, ಹುಣ್ಣು ಎಲ್ಲೆಲ್ಲಿ ಆಗಿವೆ ಎಂದು ನೋಡಬಾರದಿತ್ತೆ? ಎದುರಿಗೇ ಕೂತ ಮನುಷ್ಯನನ್ನು ಒಂದು ಮಾತು ಕೇಳಬಾರದಿತ್ತೆ? ಅವನ ಕೈಯಲ್ಲಿ ಚಹಾ ಕುಡಿದವರು, ಅವನಿಂದಲೇ ತಮ್ಮ ಎತ್ತು ನಡೆಯುವಂತೆ ಮಾಡಿಸಿಕೊಂಡವರು, ಮರದ ಮುಂದೆಯೇ ಹಾದುಬಂದು ಸಹಿ ಹಾಕಿದರು. ಮೊದಲ ಸಹಿ ನನ್ನದು.

ಹದಿನೈದು ದಿನದಲ್ಲಿ ಜಾಗ ಬಿಡು ಎಂದು ಪಂಚಾಯತಿಯಿಂದ ನೋಟೀಸು ಹೋಯಿತು. ಮುಂದಿನ ಮಂಗಳವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಪೀರಸಾಬ ಅದನ್ನು ಹಿಡಿದುಕೊಂಡು ಬಂದ. ಅದರ ಹಿಂದೆ ನನ್ನ ಅರ್ಜಿಯ ನಕಲು ಲಗತ್ತಾಗಿತ್ತು.

"ಮಾಸ್ತರ್ರ, ಇದನ್ನ ನೀವ ಬರದೀರಂತ. ನೀವ ಓದಿ ಹೇಳ್ರಿ."

ಓದಿದೆ. 'ಸಾರ್ವಜನಿಕ ಆರೋಗ್ಯಕ್ಕೆ ಮಾರಕ' ಎಂಬಲ್ಲಿ ಕೈ ಎತ್ತಿ ನಿಲ್ಲಿಸಿ, ಹಂಗಂದರೇನು ಎಂದ. ಆದಷ್ಟು ಸಣ್ಣ ದನಿಯಲ್ಲಿ ಅರ್ಥ ಹೇಳಿದೆ. ಅವನು ಅಂಗಿ ಎತ್ತಿದ.

"ಮೂವತ್ತ ವರ್ಷ ಆ ಚೂರಿನ್ಯಾಗ ಕುಂತೇನಿ. ನನ್ನ ಮೈಮ್ಯಾಲ ಒಂದ ಹುಣ್ಣ ತೋರಸ್ರಿ. ನಿನ್ನಿ ಸೋಮಾರ ನಾ ಊರಾಗ ಇರಲಿಲ್ಲ, ತಂಗಿ ಮಗಳ ಲಗ್ನಕ್ಕ ತೊರಗಲ್ಲಿಗೆ ಹೋಗಿದ್ನಿ. ಮರದ ಬುಡಕ ಒಂದ ಚೂರ ಇಲ್ಲ. ಕರೀರಿ ನಿಮ್ಮ ನಾಯಿನ್ನ."

ಮೋತ್ಯಾ ಕರೆಯದೆಯೇ ಬಂತು. ಮೈಯಲ್ಲಿ ಹೊಸ ಹುಣ್ಣು. ಪೀರಸಾಬ ಎತ್ತನ್ನು ಕೆಡವಿದಂತೆಯೇ, ಹಗ್ಗವಿಲ್ಲದೆ, ಅದನ್ನು ಅಂಗಾತ ಮಾಡಿ ಮೊಣಕಾಲಲ್ಲಿ ಹಿಡಿದ. ಪಕ್ಕೆಯ ಮೇಲಿದ್ದದ್ದು ಬರೀ ಕೆರೆದ ಗಾಯ. ನಿಜವಾದ ಹುಣ್ಣೆಲ್ಲ ಹೊಟ್ಟೆಯಲ್ಲಿ, ಬಗಲಲ್ಲಿ, ತೊಡೆಯ ಸಂದಿಯಲ್ಲಿ. ನಾನು ಆಯಿಲ್ ಬಳಿದ ಬೆನ್ನು ಮೊದಲಿಂದಲೂ ಆರೋಗ್ಯವಾಗಿತ್ತು.

"ತಿಂದದ್ದಲ್ಲ ಇದು. ಎಲ್ಯೋ ಮಲಗಿ ಸುಟ್ಟಕೊಂಡೈತಿ," ಎಂದು ಹೊಟ್ಟೆಯ ಕೂದಲಿಗೆ ಅಂಟಿದ ಕೆಸರು ಕೆರೆದು ಮೂಸಿ, ನನ್ನ ಮೂಗಿಗೂ ಹಿಡಿದ. ಬಾಯಿತುಂಬ ಪೇಸ್ಟ್ ಇದ್ದರೂ ಆ ವಾಸನೆ ನನಗೆ ತಿಳಿಯಿತು.

ಎಲ್ಲಿ ಮಲಗುತ್ತದೆ ಎಂದು ಕೇಳಿದ. ಅನ್ನಪೂರ್ಣಾ ಹಿತ್ತಲ ಮಲ್ಲಿಗೆ ಕಂಟಿಯ ಬುಡದ ಮಡಿ ತೋರಿಸಿದಳು.

ನಮ್ಮ ಅಣ್ಣ ಬಸಲಿಂಗಪ್ಪ ಶನಿವಾರ, ರವಿವಾರ ಹತ್ತಿಗೆ ಎಣ್ಣಿ ಹೊಡೆಯುತ್ತಿದ್ದ. ಹುಳದ ಔಷಧಿಗೆ ನಮ್ಮಲ್ಲಿ ಅದೇ ಹೆಸರು. ಸೋಮವಾರ ಎತ್ತಿನ ಜೊತೆ ಸಾಮಾನಿಗೂ ಬಿಡುವು, ತೊಳೆಯುವ ದಿನ. ಹೊಲದಲ್ಲಿ ನೀರಿಲ್ಲವೆಂದು ಎಣ್ಣಿ ಹೊಡೆಯುವ ಪಂಪು ಮನೆಗೆ ಬರುತ್ತಿತ್ತು. ಸಾಲಿಗೆ ಹೋಗುವ ಮುಂಚೆ ಅದನ್ನು ತೊಳೆಯುವುದೇ ಒಕ್ಕಲುತನಕ್ಕೆ ನಾನು ಸಲ್ಲಿಸುತ್ತಿದ್ದ ಏಕೈಕ ಸೇವೆ. ಆ ನೀರು ಹೋಗಿ ನಿಲ್ಲುವುದು ಮಲ್ಲಿಗೆಯ ಮಡಿಯಲ್ಲಿ. ಆ ವರ್ಷ ಕಂಟಿಗೆ ಒಂದು ಹುಳ ಬಿದ್ದಿಲ್ಲವೆಂದು ಅನ್ನಪೂರ್ಣಾ ಓಣಿಯಲ್ಲೆಲ್ಲ ಹೇಳಿಕೊಂಡಿದ್ದಳು. ಬಿಸಿಲೇರಿದಾಗ ಮೋತ್ಯಾ ಆ ತಂಪು ಕೆಸರಿಗೆ ಹೊಟ್ಟೆ ಹಚ್ಚಿ ಮಲಗುತ್ತಿತ್ತು.

"ಪಂಪ ಯಾರ ತೊಳಿತಾರ್ರಿ?"

ಹೊರಗಿನವರ ಮುಂದೆ ಎಂದೂ ನನ್ನನ್ನು ಬಿಟ್ಟುಕೊಡದ ಹೆಂಡತಿ, "ಇವರ," ಎಂದಳು.

ಪೀರಸಾಬ ನಾಯಿಯನ್ನು ಬಿಟ್ಟು ಎದ್ದ. "ಎತ್ತ ಕುಂಟಿದ್ರ ನಾ ಮೊದಲ ಕಾಲ ಎತ್ತಿ ನೋಡತೇನಿ, ಮಾಸ್ತರ್ರ. ಅರ್ಜಿ ಬರಿಯೂದಿಲ್ಲ. ಈಗ ಇದನ್ನೂ ಬರೀರಿ. ಅದರಾಗ ಎಷ್ಟ ದಪ್ಪ ಅಕ್ಷರ ಇದ್ವು, ಇದರಾಗೂ ಅಷ್ಟ ಇರಲಿ."

ಬರೆದೆ. ನಿಜಗುಣಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. ಮೂವತ್ತೊಂದು ಜನ ಸೇರಿ ಕೊಟ್ಟ ಅರ್ಜಿಯನ್ನು ಒಬ್ಬ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ, ಎಲ್ಲರ ಸಹಿಯೂ ಬೇಕು, ಮತ್ತು ಮುಂದಿನ ಮಂಗಳವಾರ ನಾಯಿಯನ್ನು ನೋಡುವವರೆಗೆ ತಾನು ನಂಬುವುದಿಲ್ಲ ಎಂದ. ಮೊದಲ ಅರ್ಜಿಯ ಹೊತ್ತಿಗೆ ಈ ಎಚ್ಚರ ಎಲ್ಲಿ ಮಲಗಿತ್ತೋ.

ಮನೆ ಮನೆ ತಿರುಗಿದೆ. ಏಕೆ ಎಂದು ಎಲ್ಲರೂ ಕೇಳುವವರೇ. ನನ್ನ ಪಂಪು, ನನ್ನ ನೀರು ಎಂದು ಹೇಳುತ್ತ ಹೋದೆ. ಹನ್ನೆರಡನೆಯ ಮನೆಯಿಂದ ಮುಂದೆ ನಾನು ಬಾಯಿ ತೆರೆಯುವ ಮೊದಲೇ ನಗು ಕೇಳುತ್ತಿತ್ತು. ಮೊದಲನೆಯದಕ್ಕೆ ನೋಡದೆ ಸಹಿ ಹಾಕಿದವರು ಎರಡನೆಯದಕ್ಕೆ ಕನ್ನಡಕ ಹುಡುಕಿ, ಓದಿ, ಕೊನೆಗೆ ಹಾಕಿದರು. ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ. ತಪ್ಪು ಮಾಸ್ತರದು, ಸಹಿ ಮಾತ್ರ ತಮ್ಮದು ಎಂಬ ಧಾಟಿ.

ಮಡಿಯ ಮಣ್ಣು ಅಗೆದು ತೆಗೆದೆವು. ಅಣ್ಣ ಬಂಡಿಯಲ್ಲಿ ನೀರು ಹೇರಿಕೊಂಡು ಹೋಗಿ ಪಂಪನ್ನು ಹೊಲದಲ್ಲೇ ತೊಳೆದ. ಮಂಗಳವಾರ ಬಂತು, ಹುಣ್ಣು ಬರಲಿಲ್ಲ. ನಿಜಗುಣಪ್ಪ ಬಂದು ನಾಯಿಯ ಹೊಟ್ಟೆ ನೋಡಿಹೋದ ಮೇಲೆ, ಗಡುವಿಗೆ ಎರಡು ದಿನ ಇರುವಾಗ ನೋಟೀಸು ರದ್ದಾಯಿತು.

ಸೋಮವಾರ ರದ್ದತಿಯ ಕಾಗದ, ಅದಕ್ಕೆ ಲಗತ್ತಾದ ನನ್ನ ಎರಡನೆಯ ಅರ್ಜಿ ಹಿಡಿದು ಬೇವಿನ ಮರದ ಹತ್ತಿರ ಹೋದೆ. ಸುತ್ತ ಏಳೆಂಟು ಜನ, ಅವರಲ್ಲಿ ಸಹಿಯವರೂ ಇದ್ದರು. ಪೀರಸಾಬ ಬಿಳಿ ಎತ್ತೊಂದನ್ನು ಕೆಡವಿಕೊಂಡಿದ್ದ. ತುಟಿಯಲ್ಲಿ ಮೊಳೆ. ಓದು ಎಂದು ಕೈಸನ್ನೆ ಮಾಡಿದ. ನನ್ನ ಪಂಪಿನ ನೀರಿನ ಸಾಲು ಸೇರಿಸಿ ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಆಮೇಲೆ, "ತಪ್ಪಾತು, ಪೀರಸಾಬಣ್ಣ," ಎಂದೆ.

ಅವನು ಮೊಳೆಗಳನ್ನು ಅಂಗೈಗೆ ತೆಗೆದುಕೊಂಡ. "ಕಾಗದ ಕಿಸೆದಾಗ ಇಡ್ರಿ. ಈ ಹಗ್ಗ ಹಿಡೀರಿ."

ಹಿಡಿದೆ. ಸಾಲಿಯ ಮೊದಲ ಗಂಟೆ ಹೊಡೆಯಿತು, ಎರಡನೆಯದೂ ಹೊಡೆಯಿತು. ಬಿಡ್ರಿ ಅಂತ ಅವನು ಹೇಳಲಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ.