ಬಾವಲಿ, ಕಪ್ಪೆ ಮತ್ತು ನನ್ನ ಅಂಗೈ

ನಾನು ಪುಣೆಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ ಕಾಲ. ಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಧಾರವಾಡದ ಮೇಡಮ್ ಒಬ್ಬರು, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಘಟ್ಟದಿಂದ ಎರಡು ಬಟ್ಟೆಚೀಲ ತಂದು ಜೀಪಿನಲ್ಲಿ ನಮ್ಮಿಬ್ಬರ ಸೀಟಿನ ನಡುವೆ ಇಟ್ಟರು. ಒಂದರಲ್ಲಿ ಬಾವಲಿ, ಇನ್ನೊಂದರಲ್ಲಿ ಮರಗಪ್ಪೆ. ಎರಡೂ ಅಳಿದುಹೋಗುತ್ತಿರುವ ಜಾತಿಗಳಂತೆ. ಅಳತೆ ತೆಗೆದು, ಹೋಲಿಸಿ ನೋಡಿ, ಮತ್ತೆ ಕಾಡಿಗೇ ಬಿಡಬೇಕಂತೆ.

ಬಾವಲಿ ಮುಖಕ್ಕೆ ಅಂಟಿದರೆ ಬಿಡುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಆ ಚೀಲ ಮಿಸುಕಿದಾಗಲೆಲ್ಲ ನಾನು ಬಾಗಿಲ ಕಡೆಗೆ ಸರಿಯುತ್ತಿದ್ದೆ.

ಪುಣೆಗೆ ಬರುವ ದಾರಿಯಲ್ಲಿ, ದೇಹೂ ರೋಡ್ ಹತ್ತಿರ, ಜೀಪು ಗುಂಡಿಗೆ ಬಿದ್ದು ಎದ್ದಿತು. ಒಂದು ಚೀಲದ ಗಂಟು ಬಿಚ್ಚಿಕೊಂಡಿತು. ನಾನು ಬ್ರೇಕ್ ಒತ್ತಿ, ಚೀರಿ, ಮುಖ ಮುಚ್ಚಿಕೊಂಡೆ. ಕಣ್ಣು ಬಿಟ್ಟರೆ, ಹೆಬ್ಬೆರಳಿನಷ್ಟು ಕಪ್ಪೆಯೊಂದು ಎದುರಿನ ಗಾಜಿಗೆ ಅಂಟಿ ಕೂತಿತ್ತು.

“ಇಷ್ಟೇ ಏನ್ರಿ!” ಎಂದು ಹಿಡಿಯಲು ಕೈ ಚಾಚಿದೆ.

“ಮುಟ್ಟಬ್ಯಾಡ್ರಿ!” ಬಾಯಾರು ನನಗಿಂತ ಜೋರಾಗಿ ಚೀರಿದರು. “ಈಗಷ್ಟ ಅಂಗೈಯಾಗ ತಂಬಾಕು ತಿಕ್ಕೀರಿ. ಅದು ಚರ್ಮದಿಂದನೂ ಉಸಿರಾಡ್ತದ. ಆ ಕೈ ಹತ್ತಿದ್ರ ಸತ್ತೇ ಹೋದೀತು.”

“ಮತ್ತ ಬಾವಲಿ ಮುಟ್ಟಿದ್ರ?” ಎಂದೆ.

“ಅದಕ್ಕ ಕಡ್ಯಾಕ ಹಲ್ಲರೆ ಅದಾವ. ಇದಕ್ಕೇನದ?”

ಅವರು ಕೈ ತೊಳೆದುಕೊಂಡು, ಚೀಲ ಒದ್ದೆ ಮಾಡಿ ಕಪ್ಪೆಯನ್ನು ಹಿಡಿಯುವತನಕ ನನ್ನ ಕೈಗಳೆರಡನ್ನೂ ಕಿಟಕಿಯಾಚೆ ಚಾಚಿ ಕೂತೆ.

ಬಾವಲಿಯ ಚೀಲ ಮತ್ತೆ ಮಿಸುಕಿತು. ಈ ಸಲ ಅದರ ಭಯವಾಗಲಿಲ್ಲ. ಸೋಕಿದರೆ ಸಾಕು, ಕಪ್ಪೆ ಸಾಯುತ್ತದೆ ಎಂದು ಬಾಯಾರು ಹೇಳಿದ ಆ ತಂಬಾಕು ಆಗಲೂ ನನ್ನ ತುಟಿಯೊಳಗೇ ಇತ್ತು.