ದಿಬ್ಬಣದ ಲಾರಿಯ ಸದ್ದು

ಕಡೂರಿನ ಆ ಮೆಕ್ಯಾನಿಕ್ ತೀರಿಕೊಂಡ ಮೇಲೆ, ಅವರು ಕಣ್ಣು ಮುಚ್ಚಿ ತಲೆ ವಾಲಿಸಿ ಲಾರಿಯ ಸದ್ದು ಕೇಳುತ್ತಿದ್ದುದೇ ನೆನಪಾಗುತ್ತದೆ. "ಮೊದ್ಲು ಕೇಳೋಣ ಕಣಪ್ಪಾ, ಆಮೇಲೆ ಬಿಚ್ಚೋಣ" ಎನ್ನುತ್ತಿದ್ದರು.

ಎಂಬತ್ತರ ಸುಮಾರಿನಲ್ಲಿ, ತಂಗಿಯ ಮದುವೆಗೆ ಯಗಟಿಯಿಂದ ತರೀಕೆರೆಗೆ ದಿಬ್ಬಣ ಹೊರಡುವ ಹಿಂದಿನ ದಿನ, ನನ್ನ ಲಾರಿಯ ಮುಂದಿನ ಚಕ್ರಗಳು ಗುಂಯ್ ಎನ್ನತೊಡಗಿದವು. ಬೇರಿಂಗ್ ಹೋಗಿ ಚಕ್ರ ಕಳಚೀತೆಂದು ನನಗೆ ಭಯ. ಅವರು ಮುಂದಿನ ಟಯರುಗಳನ್ನು ಹಿಂದಕ್ಕೆ ಹಾಕಿಸಿ ಓಡಿಸಿ ನೋಡಿದರು. ಸದ್ದೂ ಹಿಂದಕ್ಕೆ ಹೋಯಿತು.

"ಟಯರ್ ಏರುಪೇರಾಗಿ ಸವೆದೈತೆ, ಅಷ್ಟೇ. ಬೇರಿಂಗ್ ಚೆನ್ನಾಗೈತೆ."

"ಹೆಂಗಸ್ರು ಮಕ್ಳು ಕೂರೋ ಗಾಡಿ ಕಣಣ್ಣಾ" ಎಂದೆ. ಅವರು ಕೈ ಒರೆಸಿಕೊಂಡು, "ದಿಬ್ಬಣ ಎಷ್ಟೊತ್ತಿಗೆ?" ಎಂದು ಕೇಳಿದರು.

ಬೆಳಿಗ್ಗೆ ದಿಬ್ಬಣ ಹೊರಡುವಾಗ ಮೆಕ್ಯಾನಿಕ್ ತಮ್ಮ ಹೆಂಡತಿ, ಕೈಗೂಸಿನೊಂದಿಗೆ ಯಗಟಿಗೆ ಬಂದು ನಿಂತಿದ್ದರು.

"ಕರೀದಿದ್ರೂ ಬಂದಿದೀವಿ ಕಣಪ್ಪಾ, ಜಾಗ ಕೊಡು" ಎಂದು ಮಗುವನ್ನು ಲಾರಿಯೊಳಕ್ಕೆ ಎತ್ತಿ ಕೊಟ್ಟರು.