ಕತ್ತಿಯ ಬೆನ್ನು

ಐವತ್ತೆಂಟನೆಯ ಇಸವಿ, ಮೇ ತಿಂಗಳ ಮೊದಲ ಭಾನುವಾರ, ಬೆಳಗ್ಗೆ ಏಳು ಗಂಟೆ. ಸ್ಥಳ ಪೆರಾಬೆಯ ನಮ್ಮ ಮನೆಯ ಅಂಗಳ. ಹಾಜರಿದ್ದವರು ನಾನು, ನನ್ನ ತಾಯಿ, ನನ್ನ ಇಬ್ಬರು ಗಂಡುಮಕ್ಕಳು ಮತ್ತು ಕ್ಷೌರದ ಬಾಬಣ್ಣ. ಹೀಗೆ ಹಾಜರಿ ಹಾಕದೆ ಯಾವ ಸಂಗತಿಯನ್ನೂ ಹೇಳಲು ನನಗೆ ಬರುವುದಿಲ್ಲ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ಹಾಸ್ಟೆಲು ಬಿಟ್ಟ ಮೇಲೆ ಗಂಟೆಯ ಕೆಲಸವನ್ನೂ ನಾನೇ ವಹಿಸಿಕೊಂಡೆ ಎಂದು ಮನೆಯವಳ ದೂರು.

ಕ್ಷೌರಕ್ಕೂ ನಮ್ಮಲ್ಲಿ ಕ್ರಮವಿತ್ತು. ಮೊದಲ ಭಾನುವಾರ ದೊಡ್ಡವ ಜನಾರ್ದನನದು, ಎರಡನೆಯದು ನನ್ನದು, ಮೂರನೆಯದು ಸಣ್ಣವ ಕುಶಾಲಪ್ಪನದು. ಅಣ್ಣತಮ್ಮಂದಿರಿಗೆ ಒಂದೇ ದಿನ ಕತ್ತಿ ತಾಗಬಾರದು ಎಂಬುದು ನನ್ನ ತಾಯಿಯ ಕಾನೂನು. ಏಕೆಂದು ಕೇಳಿದರೆ 'ಆಗದು' ಎಂದಷ್ಟೇ ಉತ್ತರ. ನಾನು ಈ ಬಗ್ಗೆ ಸಾಕಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಒಂದೇ ಮನೆಗೆ ಮತ್ತೆ ಮತ್ತೆ ಬಂದು ಕಾಫಿ ಕುಡಿಯಲು ಬಾಬಣ್ಣನ ಹಿರಿಯರೇ ಹುಟ್ಟಿಸಿದ ಶಾಸ್ತ್ರವಿರಬೇಕೆಂದು ಬಹಳ ಕಾಲ ನಂಬಿದ್ದೆ.

ಇದರಿಂದ ಕಷ್ಟಕ್ಕೆ ಬಿದ್ದವನು ಕುಶಾಲಪ್ಪ. ಅಣ್ಣ ಹಾಗಲಕಾಯಿ ತಿಂದರೆ ಅವನೂ ಕಣ್ಣು ಮುಚ್ಚಿ ತಿನ್ನುತ್ತಿದ್ದ. ಅಣ್ಣನಿಗೆ ಕೆಮ್ಮು ಬಂದರೆ ಇವನೂ ಕೆಮ್ಮುತ್ತಿದ್ದ. ತಲೆಗೂದಲು ಮಾತ್ರ ಮಾತು ಕೇಳುತ್ತಿರಲಿಲ್ಲ. ಅಣ್ಣನದು ಗಿಡ್ಡವಾಗಿದ್ದಾಗ ಇವನದು ಕಿವಿ ಮುಚ್ಚುತ್ತಿತ್ತು. ಇವನದು ಗಿಡ್ಡವಾಗುವಷ್ಟರಲ್ಲಿ ಅಣ್ಣ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚುತ್ತಿದ್ದ. ಹುಟ್ಟಿದ ವರ್ಷಗಳ ಅಂತರ ಹೇಗೂ ತುಂಬುವಂತಿರಲಿಲ್ಲ. ಅದರ ಮೇಲೆ ಇದೊಂದು.

ಆ ಭಾನುವಾರ ಜನಾರ್ದನನ ತಲೆ ಮುಗಿಸಿದ ಬಾಬಣ್ಣ ಅವನ ಮೇಲ್ತುಟಿಯನ್ನು ದಿಟ್ಟಿಸಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಮೊದಲ ಸಲ ಅವನ ಮುಖಕ್ಕೆ ಸೋಪಿನ ನೊರೆ ಏರಿತು. ಕುಶಾಲಪ್ಪ ಒಳಗಿನಿಂದ ಇನ್ನೊಂದು ಮಣೆ ತಂದು ಅಣ್ಣನ ಪಕ್ಕದಲ್ಲಿ ಕುಳಿತ.

"ನನಗೂ ಆಗ್ಬೇಕು."

"ಸಣ್ಣ ಗೌಡ್ರೆ, ನಿಮ್ಮ ಮೀಸೆ ಎಲ್ಲುಂಟು? ಕಪಾಟಿನಲ್ಲಿ ಇಟ್ಟು ಬಂದಿದ್ದೀರಾ?" ಎಂದರು ಬಾಬಣ್ಣ.

"ಅಣ್ಣನದ್ದೂ ಮೊನ್ನೆವರೆಗೆ ಕಾಣ್ತಿರ್ಲಿಲ್ಲ."

ನಾವು ನಕ್ಕೆವು. ಅವನು ನಗಲಿಲ್ಲ, ಕಣ್ಣು ತುಂಬುತ್ತಿತ್ತು. ಜಗಲಿಯಿಂದ ತಾಯಿ ಕಾನೂನನ್ನು ನೆನಪಿಸಿದರು. ನಾನು ಇಕ್ಕಟ್ಟಿನಲ್ಲಿ ಮಾಡುವಂತೆ ಗಡಿಯಾರ ನೋಡಿದೆ. ಆಗ ಅರ್ಧ ನೊರೆಯ ಮುಖದ ಜನಾರ್ದನ, ತಮ್ಮನಿಗೆ ಕಾಣದ ಹಾಗೆ ಬಾಬಣ್ಣನ ಮಣಿಕಟ್ಟು ಹಿಡಿದು ಮೆಲ್ಲನೆ ತಿರುಗಿಸಿದ. ಕತ್ತಿಯ ಬೆನ್ನು ಈಚೆಗೆ ಬಂತು.

ಬಾಬಣ್ಣ ಕುಶಾಲಪ್ಪನ ಕೆನ್ನೆಗೂ ನೊರೆ ಬಳಿದು, ಕತ್ತಿಯ ಬೆನ್ನಿನಿಂದ ಬಹಳ ಗಂಭೀರವಾಗಿ ಎಳೆದು ತೆಗೆದರು. ನನ್ನ ತಾಯಿ ಇಳಿದು ಬಂದು ಕತ್ತಿಯನ್ನು ಪರೀಕ್ಷಿಸಿ, ಜಗಲಿಗೆ ವಾಪಸಾದರು. ಕಾನೂನು ಉಳಿಯಿತು. ಆದರೆ ಸಣ್ಣವನಿಗೆ ಸ್ನಾನ ಬೇಕಿಲ್ಲ, ಒಳಗೆ ಬರಲಿ ಎಂದು ನಾನು ಹೇಳಿದಾಗ ಹೊಸ ತಕರಾರು. ಕ್ಷೌರವಾದವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲವಲ್ಲ, ತಾನು ಹೇಗೆ ಬರುವುದು ಎಂದು ಅವನು ಮೆಟ್ಟಿಲ ಕೆಳಗೇ ನಿಂತ.

"ಬಾ ಮಾರಾಯ, ನಾನು ನೀರು ಹೊಯ್ತೇನೆ" ಎಂದು ಜನಾರ್ದನ ಬಚ್ಚಲಿಗೆ ಕರೆದುಕೊಂಡು ಹೋದ.

ಮೈ ಒರೆಸಿಕೊಂಡು ಬಂದ ಕುಶಾಲಪ್ಪ ಕೆನ್ನೆ ಸವರುತ್ತ ಕೇಳಿದ: "ಅಪ್ಪ, ಇನ್ನು ನಾವಿಬ್ರು ಒಟ್ಟಿಗೆ ಕೂರುದು ಯಾವಾಗ?"

"ಬಿಡ್ತು ಅನ್ನು" ಎಂದರು ತಾಯಿ ತಟ್ಟನೆ. ಅವರ ಮುಖ ನೋಡಿದಾಗ ಇಷ್ಟು ವರ್ಷದ 'ಆಗದು' ನನಗೆ ಅರ್ಥವಾಯಿತು. ಗಂಡುಮಕ್ಕಳು ಒಂದೇ ದಿನ ಕ್ಷೌರಕ್ಕೆ ಕೂರುವುದು ಅಪ್ಪನ ಉತ್ತರಕ್ರಿಯೆಗೆ. ನಾನೂ ನನ್ನ ಅಣ್ಣನೂ ಹಾಗೆ ಒಮ್ಮೆ ಕೂತದ್ದುಂಟು. ಬಾಬಣ್ಣನ ಹಿರಿಯರ ಮೇಲಿನ ಅಪವಾದವನ್ನು ಅಲ್ಲಿಯೇ ವಾಪಸು ಪಡೆದೆ.

"ಅದಕ್ಕೆ ಸಮಯ ಉಂಟು ಮಗ, ಅವಸರ ಇಲ್ಲ" ಎಂದೆ.

ಅವನಿಗೆ ಅಷ್ಟು ಸಾಕಾಯಿತು. ಸಮಯ ಗೊತ್ತುಮಾಡುವವನು ಅಪ್ಪನೇ ಎಂಬ ನಂಬಿಕೆ ಆ ಮನೆಯಲ್ಲಿ ಇತ್ತು. ಅವರಿಬ್ಬರು ಒಟ್ಟಿಗೆ ಕೂರುವ ಆ ಬೆಳಗ್ಗೆ ಯಾರು ಮೊದಲು, ಯಾರು ಆಮೇಲೆ ಎಂಬುದು ಇರುವುದಿಲ್ಲ. ಇಬ್ಬರಿಗೂ ಒಂದೇ ಅಂಗಳ, ಕತ್ತಿಯ ಬಾಯಿಯೂ ಒಂದೇ. ಹಾಜರಿ ಹಾಕಲು ಮಾತ್ರ ನಾನಿರುವುದಿಲ್ಲ. ಅಲ್ಲಿಯವರೆಗೆ ಸಣ್ಣವನಿಗೆ ಬೆನ್ನೇ ಸಾಕು, ಅದನ್ನು ತಿರುಗಿಸಲು ದೊಡ್ಡವನೂ ಇದ್ದಾನೆ.

ಬಾಬಣ್ಣ ಕಾಫಿ ಕುಡಿದು ಹೊರಟರು. ನಾನು ಕೂದಲು ಗುಡಿಸಿ, ಮಣೆಗಳನ್ನು ತೊಳೆದು ಬಿಸಿಲಿಗಿಟ್ಟು, ಕನ್ನಡಿಯನ್ನು ಒರೆಸಿ ಜಗಲಿಯ ಮೊಳೆಗೆ ತೂಗುಹಾಕಿದೆ. ಗಡ್ಡ ಬೆಳೆದಿತ್ತು. ಬರುವ ಭಾನುವಾರ ನನ್ನದು.